ಆಟದ ರೈಲಿಗೆ ಕರೆಂಟು

ಮೊನ್ನೆ ಒಬ್ಬರು ಅಕ್ಕ ನಮ್ಮ ಕಲಿಕಾ ಕೇಂದ್ರಕ್ಕೆ ಮಗನ ಆಟದ ರೈಲು ತಂದರು. ನಾವೆಲ್ಲ ಸುತ್ತ ಕೂತೆವು.

ಹಳಿ ಎರಡು. ವಯರೂ ಎರಡು. ಒಂದೊಂದು ಹಳಿಗೆ ಒಂದೊಂದು ವಯರು. ಕರೆಂಟು ಒಂದು ಹಳಿಯಿಂದ ಚಕ್ರಕ್ಕೆ ಬರುತ್ತದೆ. ರೈಲಿನೊಳಗಿನ ಮೋಟಾರನ್ನು ತಿರುಗಿಸುತ್ತದೆ. ಇನ್ನೊಂದು ಹಳಿಯಿಂದ ವಾಪಸ್ಸು ಹೋಗುತ್ತದೆ. ಈ ದಾರಿ ಎಲ್ಲಿ ಕಡಿದರೂ ರೈಲು ನಿಲ್ಲುತ್ತದೆ.

ಎರಡು ಹಳಿಗೂ ತಾಗುವಂತೆ ಚಮಚ ಬಿದ್ದರೆ? ಕರೆಂಟು ಮೋಟಾರಿಗೆ ಹೋಗದೆ ಚಮಚದಲ್ಲೇ ದಾಟುತ್ತದೆ. ವಯರು ಬಿಸಿಯಾಗುತ್ತದೆ. ಇದೇ ಶಾರ್ಟ್ ಸರ್ಕ್ಯೂಟ್.

ಮನೆಯ ಕರೆಂಟು 230 ವೋಲ್ಟ್. ಈ ರೈಲಿಗೆ 12 ವೋಲ್ಟ್ ಸಾಕು. ನಡುವೆ ಇರುವ ಪೆಟ್ಟಿಗೆ ಕರೆಂಟಿನ ಜೋರು ಇಳಿಸುತ್ತದೆ.

ಅಕ್ಕ ಹೇಳಿದರು: “ಹಳೇ ಪೆಟ್ಟಿಗೆ ಕೆಟ್ಟೋಗಿತ್ತು. ಹುಡುಗ ಹಳಿ ವಯರನ್ನ ಗೋಡೆ ಪ್ಲಗ್ಗಿಗೇ ಸಿಕ್ಕಿಸೋಕೆ ಹೊರಟಿದ್ದ. ಕೈ ಹಿಡಿದು ಎಳೆದೆ ಕಣ್ರೀ.”

ನಮ್ಮ ಎದೆ ಝಲ್ಲೆಂದಿತು. ಹಾಗೆ ಸಿಕ್ಕಿಸಿದರೆ ಹಳಿ ಮುಟ್ಟಿದವರ ಜೀವವೇ ಹೋದೀತು.

ಈಗ ಹೊಸ ಪೆಟ್ಟಿಗೆ ಬಂದಿದೆ. ಅದರ ಮೇಲಿನ ಅಂಕಿಗಳನ್ನು ಅಕ್ಕನೇ ಓದಿದರು. 230. 12. ಆಮೇಲೆ ಸ್ವಿಚ್ ಹಾಕಿದೆವು. ರೈಲು ಓಡಿತು!

ಉತ್ತರ ಬರೆಯಿರಿ:
1. ಆಟದ ರೈಲಿಗೆ ವಯರು ಎರಡು ಏಕೆ ಬೇಕು?
2. ನಡುವಿನ ಪೆಟ್ಟಿಗೆ ಏನು ಮಾಡುತ್ತದೆ?