ಬಸ್ಕಿಯೂ ಬೇಕು, ಬಾರ್ಬೆಲ್ಲೂ ಬೇಕು

ಬಸ್ಕಿ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಹೋಂವರ್ಕ್ ಮಾಡದೆ ಶಾಲೆಗೆ ಹೋದ ದಿನ. ಮೈಸೂರಿನ ಗರಡಿ ಮನೆಗಳಲ್ಲಿ ಅದೇ ಬಸ್ಕಿ ದಿನನಿತ್ಯದ ಪಾಠ. ದಸರಾ ಕುಸ್ತಿಗೆ ತಯಾರಾಗುವ ಪೈಲ್ವಾನರು ನೂರಾರು ದಂಡ, ಬಸ್ಕಿ ಹೊಡೆಯುತ್ತಾರೆ. ಅಷ್ಟಕ್ಕೇ ನಿಲ್ಲಿಸೋದಿಲ್ಲ, ಗದೆ ತಿರುಗಿಸುತ್ತಾರೆ, ಮಟ್ಟಿ ಅಗೆಯುತ್ತಾರೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆ ಇದ್ದೇ ಇದೆ. ಹೆಚ್ಚು ಸಲ ಮಾಡೋದು, ಹೆಚ್ಚು ಭಾರ ಎತ್ತೋದು ಎರಡನ್ನೂ ನಮ್ಮ ಹಿರಿಯರು ಬೇರೆ ಮಾಡಿರಲಿಲ್ಲ.

ನಾವು ಇದನ್ನು ಕಲಿತದ್ದು ಪೆಟ್ಟು ತಿಂದ ಮೇಲೆ. ಅಟ್ಲಾಂಟಾದ ನಮ್ಮ ಬಾಡಿಗೆ ಮನೆಯಲ್ಲಿ ಒಬ್ಬ ಗೆಳೆಯ ಪಂಥ ಕಟ್ಟಿ ಒಂದೇ ಸಂಜೆ 500 ಬಸ್ಕಿ ಹೊಡೆದ. ಅದಕ್ಕೆ ಮುಂಚೆ ಆರು ತಿಂಗಳು ಅವನು ಲ್ಯಾಪ್‌ಟಾಪ್ ಬಿಟ್ಟು ಎದ್ದಿರಲಿಲ್ಲ. ಎರಡನೇ ದಿನ ಮೆಟ್ಟಿಲು ಇಳಿಯೋಕೆ ಆಗಲಿಲ್ಲ. ಮೂರನೇ ದಿನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಆಸ್ಪತ್ರೆಯಲ್ಲಿ ಹೇಳಿದ ಹೆಸರು ರಾಬ್ಡೋಮಯೋಲಿಸಿಸ್. ಸ್ನಾಯುವಿನ ಕೋಶಗಳು ಒಡೆದು, ಒಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೊರೆಯಾಗುವ ಸ್ಥಿತಿ ಅದು. ನಾಲ್ಕು ದಿನ ಸಲೈನ್ ಹಾಕಿಸಿಕೊಂಡು ಮನೆಗೆ ಬಂದ. ಅಂಥ ಬಣ್ಣ ಕಂಡರೆ ದಯವಿಟ್ಟು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಹಾಗಂತ ಬಸ್ಕಿ ಕೆಟ್ಟದ್ದಲ್ಲ. ಲೆಕ್ಕ ನೋಡೋಣ. ದಂಡದ ಹತ್ತಿರದ ಸಂಬಂಧಿ ಪುಷ್-ಅಪ್. ಅದರಲ್ಲಿ ಕೈಗಳು ಹೊರುವುದು ದೇಹದ ತೂಕದ ಸುಮಾರು ಮೂರರಲ್ಲಿ ಎರಡು ಪಾಲು. 60 ಕೆಜಿ ಇರುವವರಿಗೆ 40 ಕೆಜಿ. ಮೊದಮೊದಲು ಅದೇ ದೊಡ್ಡ ಭಾರ. ಒಂದೇ ಉಸಿರಿಗೆ 30 ಮಾಡುವ ಹೊತ್ತಿಗೆ ಭಾರ ಅಷ್ಟೇ ಇರುತ್ತದೆ, ಬೆಳೆಯುವುದು ಮುಖ್ಯವಾಗಿ ತಾಳಿಕೆ. ಶಕ್ತಿ ಇನ್ನೂ ಏರಬೇಕಾದರೆ ಭಾರವೂ ಏರಬೇಕು. ಅದಕ್ಕೇ ಬಾರ್ಬೆಲ್.

ಈಗ ನಾವು ಅನುಸರಿಸುವ ಕ್ರಮ ಇದು:

ಸೋಮವಾರ, ಗುರುವಾರ: ಮೊದಲು ಭಾರ. ಸ್ಕ್ವಾಟ್, ಡೆಡ್‌ಲಿಫ್ಟ್, ಪ್ರೆಸ್, ರೋ ಇವುಗಳಲ್ಲಿ ದಿನಕ್ಕೆ ಎರಡು. ತಲಾ 3 ಸೆಟ್, ಸೆಟ್ಟಿಗೆ 5ರಿಂದ 8. ಕೊನೆಗೆ 20 ಬಸ್ಕಿ, 10 ದಂಡ. ಈ ಕ್ರಮ ತಿರುಗಿಸಬೇಡಿ. ದಣಿದ ಕಾಲಲ್ಲಿ ಭಾರ ಹೊತ್ತರೆ ಬೆನ್ನು ಬಾಗುತ್ತದೆ.

ಶನಿವಾರ: ಬರೀ ದೇಹದ ತೂಕ. 12 ಬಸ್ಕಿಯ 5 ಸೆಟ್, ನಡುವೆ 6 ದಂಡ. ಪ್ರತಿ ವಾರ ಒಟ್ಟು ಬಸ್ಕಿಗೆ ಹತ್ತು ಸೇರಿಸಿ, ಜಾಸ್ತಿ ಬೇಡ. ಇನ್ನೆರಡು ಆಗುತ್ತೆ ಅನ್ನಿಸುವಾಗಲೇ ಸೆಟ್ ನಿಲ್ಲಿಸಿ.

ಉಳಿದ ದಿನ ನಡಿಗೆ. ಅಮೆರಿಕ ಸರ್ಕಾರದ ಮಾರ್ಗಸೂಚಿಯೂ ವಯಸ್ಕರಿಗೆ ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಎರಡು ದಿನ ಸ್ನಾಯುಬಲದ ವ್ಯಾಯಾಮ ಬೇಕು ಅನ್ನುತ್ತದೆ. ಅಟ್ಲಾಂಟಾದವರಿಗೆ ಸ್ಟೋನ್ ಮೌಂಟನ್ ಇದೆ, ವಾಷಿಂಗ್ಟನ್ನಿನವರಿಗೆ ನ್ಯಾಷನಲ್ ಮಾಲ್, ಷಾರ್ಲೆಟ್ ಕಡೆಯವರಿಗೆ ಕ್ರೌಡರ್ಸ್ ಮೌಂಟನ್. ಊಟಕ್ಕೆ ಬೇಳೆ, ಮೊಸರು, ಕಾಳಿನ ಪಲ್ಯ ಮರೀಬೇಡಿ. ಬರೀ ಅನ್ನ-ಉಪ್ಪಿನಕಾಯಿಯಲ್ಲಿ ಸ್ನಾಯು ಬೆಳೆಯೋದಿಲ್ಲ.

ನಮ್ಮ ಗೆಳೆಯ ವೈದ್ಯರ ಒಪ್ಪಿಗೆ ಪಡೆದು ಎರಡು ತಿಂಗಳ ಮೇಲೆ ಮತ್ತೆ ಶುರು ಮಾಡಿದ, ದಿನಕ್ಕೆ 10 ಬಸ್ಕಿಯಿಂದ. ಈಗ ಶನಿವಾರ ನಮಗೆ ಎಣಿಸೋನು ಅವನೇ. ನೂರು ದಾಟೋಕೆ ಇನ್ನೂ ಯಾರಿಗೂ ಬಿಟ್ಟಿಲ್ಲ.