ಇ-ಪುಸ್ತಕದ ಎರವಲು: 9ನೇ ತರಗತಿಗೆ ಒಂದು ಚಟುವಟಿಕೆ ಪಾಠ

ತರಗತಿ: 9 | ಅವಧಿ: 40 ನಿಮಿಷ | ವಿದ್ಯಾರ್ಥಿಗಳು: 40
ಕಲಿಕೋಪಕರಣಗಳು: ಇ-ರೀಡರಿನ ಚಿತ್ರಪಟ, ಮೂರು ರಟ್ಟಿನ ಚೀಟಿಗಳು, 26 ಮನೆಗಳಿರುವ ಒಂದು ಚೀಟಿ, ಶಾಲಾ ಗ್ರಂಥಾಲಯದ ಕೆಲವು ಪುಸ್ತಕಗಳು

ಬೋಧನಾಭ್ಯಾಸದಲ್ಲಿ ಕನ್ನಡ ಭಾಷೆಯ ಪೂರಕ ಚಟುವಟಿಕೆಯಾಗಿ ಈ ಪಾಠವನ್ನು ಯೋಜಿಸಿದೆ. ಪಾಠದ ಕೊನೆಗೆ ಮಕ್ಕಳು ಇ-ಪುಸ್ತಕದ ಎರವಲು ನಡೆಯುವ ಬಗೆಯನ್ನು ವಿವರಿಸಬೇಕು. ಪುಸ್ತಕದ ಒಡೆತನಕ್ಕೂ ಪರವಾನಗಿಗೂ ಇರುವ ವ್ಯತ್ಯಾಸವನ್ನು ಹೇಳಬೇಕು. ಹಕ್ಕುಸ್ವಾಮ್ಯ ಮುಗಿದ ಕೃತಿಯನ್ನು ಗುರುತಿಸಬೇಕು.

ತೊಡಗಿಸಿಕೊಳ್ಳುವಿಕೆ

ಇ-ರೀಡರಿನ ಚಿತ್ರ ತೋರಿಸಿ, ಇದು ಮೊಬೈಲಿಗಿಂತ ಹೇಗೆ ಬೇರೆ ಎಂದು ಕೇಳಿದೆ. ಇದರ ಪರದೆಯಲ್ಲಿ ಕಪ್ಪು ಬಿಳುಪು ಕಣಗಳು ತುಂಬಿದ ಅತಿ ಸಣ್ಣ ಗುಳಿಗೆಗಳಿರುತ್ತವೆ. ಪುಟ ತಿರುವಿದಾಗ ಮಾತ್ರ ವಿದ್ಯುತ್ತು ಆ ಕಣಗಳನ್ನು ಮೇಲೆ ಕೆಳಗೆ ಸರಿಸುತ್ತದೆ. ಆದ್ದರಿಂದ ಬಿಸಿಲಿನಲ್ಲೂ ಅಕ್ಷರ ಕಾಣುತ್ತದೆ, ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬಾಳುತ್ತದೆ.

ಅಮೆರಿಕದ ಸಾರ್ವಜನಿಕ ಗ್ರಂಥಾಲಯದ ಸದಸ್ಯರು ತಮ್ಮ ಕಾರ್ಡಿನ ಸಂಖ್ಯೆ ಬಳಸಿ, ಲಿಬ್ಬಿ ಎಂಬ ಆ್ಯಪ್ ಮೂಲಕ ಮನೆಯಿಂದಲೇ ಪುಸ್ತಕ ಪಡೆಯುತ್ತಾರೆ. 2011ರಿಂದ ಅಲ್ಲಿನ ಗ್ರಂಥಾಲಯಗಳ ಪುಸ್ತಕ ಕಿಂಡಲ್‌ಗೂ ಬರುತ್ತದೆ. ಅವಧಿ ಮುಗಿದರೆ ಪುಸ್ತಕ ತಾನಾಗಿ ಮುಚ್ಚಿಕೊಳ್ಳುತ್ತದೆ. ತಡವಾದ ದಂಡದ ಮಾತೇ ಇಲ್ಲ. ಬೇರೆಯವರ ಬಳಿ ಇದ್ದರೆ ಮಾತ್ರ ಸರದಿಯಲ್ಲಿ ಕಾಯಬೇಕು.

ಇಷ್ಟು ಹೇಳುತ್ತಲೇ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಮಿಸ್, ಫೈಲಿಗೆ ಎಷ್ಟು ಬೇಕಾದರೂ ಕಾಪಿ ತೆಗೀಬಹುದಲ್ವಾ? ಮತ್ತೆ ಯಾಕೆ ಕಾಯಬೇಕು?" ಮುಂದಿನ ಚಟುವಟಿಕೆ ಇದೇ ಪ್ರಶ್ನೆಗಾಗಿ ಸಿದ್ಧಪಡಿಸಿದ್ದು.

ಅನ್ವೇಷಣೆ

ಮೊದಲ ಸುತ್ತು: ಗ್ರಂಥಾಲಯವು ಒಂದು ಇ-ಪುಸ್ತಕದ ಮೂರು ಪ್ರತಿಗಳಿಗೆ ಹಣ ಕೊಟ್ಟಿದೆ. ಒಂದು ಚೀಟಿ ಒಬ್ಬರಿಗೆ, ಎರಡು ವಾರಕ್ಕೆ. ಎಲ್ಲರೂ ಪೂರ್ತಿ ಅವಧಿ ಇಟ್ಟುಕೊಂಡರೆ 40ನೆಯವರ ಸರದಿ ಯಾವಾಗ? ಗುಂಪುಗಳು ಲೆಕ್ಕ ಹಾಕಿದವು. ಮೂವರಂತೆ 14 ಸುತ್ತು. ಕೊನೆಯವರು 13 ಸುತ್ತು, ಅಂದರೆ 26 ವಾರ ಕಾಯಬೇಕು. "ಅಚ್ಚಿನ ಪುಸ್ತಕ ಮೂರೇ ಇದ್ದರೂ ಇಷ್ಟೇ ಕಾಯಬೇಕಲ್ಲ" ಎಂದು ಒಂದು ಗುಂಪು ತಾನೇ ಕಂಡುಕೊಂಡಿತು.

ಎರಡನೆಯ ಸುತ್ತು: ಈಗ 26 ಮನೆಗಳ ಒಂದೇ ಚೀಟಿ. ಪ್ರತಿ ಎರವಲಿಗೂ ಒಂದು ಮನೆಗೆ ಗುರುತು ಹಾಕಬೇಕು. 26 ಮನೆ ತುಂಬಿದ ಕೂಡಲೇ ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡೆ. 14 ಮಕ್ಕಳು ಪುಸ್ತಕವಿಲ್ಲದೆ ಉಳಿದರು. ತರಗತಿಯಲ್ಲಿ ಗದ್ದಲವೆದ್ದಿತು. ಆ ಗದ್ದಲವೇ ನನಗೆ ಬೇಕಿತ್ತು.

ವಿವರಣೆ

ಈ 26 ನಾನು ಕಟ್ಟಿದ ಸಂಖ್ಯೆಯಲ್ಲ. 2011ರಲ್ಲಿ ಹಾರ್ಪರ್ ಕಾಲಿನ್ಸ್ ಪ್ರಕಾಶನವು ಗ್ರಂಥಾಲಯಗಳಿಗೆ ಕೊಡುವ ಇ-ಪುಸ್ತಕಕ್ಕೆ 26 ಎರವಲಿನ ಮಿತಿ ಹಾಕಿತು. ಎರಡು ವಾರದಂತೆ ಸುಮಾರು ಒಂದು ವರ್ಷ. ಆಮೇಲೆ ಮತ್ತೆ ಹಣ ಕೊಡಬೇಕು. 2019ರ ನವೆಂಬರಿನಲ್ಲಿ ಮ್ಯಾಕ್‌ಮಿಲನ್, ಹೊಸ ಪುಸ್ತಕಕ್ಕೆ ಮೊದಲ ಎಂಟು ವಾರ ಒಂದು ಗ್ರಂಥಾಲಯ ವ್ಯವಸ್ಥೆಗೆ ಒಂದೇ ಇ-ಪ್ರತಿ ಎಂದಿತು. ಗ್ರಂಥಾಲಯಗಳು ಪ್ರತಿಭಟಿಸಿದವು, 2020ರ ಮಾರ್ಚಿನಲ್ಲಿ ಆ ನಿಯಮ ಹೋಯಿತು.

ಕಪ್ಪು ಹಲಗೆಯ ಮೇಲೆ ಎರಡು ಕಲಂ ಬರೆದೆವು. ಅಚ್ಚಿನ ಪುಸ್ತಕವನ್ನು ಗ್ರಂಥಾಲಯ ಕೊಳ್ಳುತ್ತದೆ, ಹಾಳಾಗುವವರೆಗೂ ಕೊಡಬಹುದು. ಇ-ಪುಸ್ತಕಕ್ಕೆ ಸಾಮಾನ್ಯವಾಗಿ ಪರವಾನಗಿ ಮಾತ್ರ, ಷರತ್ತು ಪ್ರಕಾಶಕರದು. ಒಬ್ಬ ಹುಡುಗಿ ಎದ್ದು ನಿಂತು ಹೇಳಿದಳು: "ನಮ್ಮ ಶಾಲೆ ಪುಸ್ತಕ ಹರಿದರೆ ಅಂಟು ಹಾಕಿ ಇಟ್ಕೋತೀವಿ. ಇದಕ್ಕೆ ಅಂಟು ಹಾಕೋಕೂ ಆಗಲ್ಲ." ಎದುರು ಗುಂಪಿನವನು ಬಿಡಲಿಲ್ಲ: "ಎಲ್ಲರಿಗೂ ಪುಕ್ಕಟೆ ಕೊಟ್ಟರೆ ಬರೆದವರ ಹೊಟ್ಟೆಪಾಡು?" ಇಬ್ಬರ ಮಾತನ್ನೂ ಹಲಗೆಯ ಮೇಲೆ ಬರೆದೆ. ತೀರ್ಪು ಕೊಡಲಿಲ್ಲ, ಲೇಖಕ, ಪ್ರಕಾಶಕ, ಗ್ರಂಥಪಾಲಕ, ಓದುಗ ಎಂಬ ನಾಲ್ಕು ಗುಂಪು ಮಾಡಿ ಐದು ನಿಮಿಷ ವಾದಿಸಲು ಬಿಟ್ಟೆ.

ವಿಸ್ತರಣೆ

ಸರದಿಯೇ ಇಲ್ಲದ ಪುಸ್ತಕಗಳೂ ಇವೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರ ಜೀವಿತಕಾಲದಲ್ಲಿ ಅಚ್ಚಾದ ಕೃತಿಗಳು ಯಾವಾಗ ಎಲ್ಲರ ಸ್ವತ್ತಾದವು? ಮಕ್ಕಳೇ ಕೂಡಿಸಿ 2024 ಎಂದರು. ಅಂಥ ಕೃತಿಗೆ ಎಷ್ಟು ಪ್ರತಿ ತೆಗೆದರೂ ತಪ್ಪಿಲ್ಲ.

ಇ-ರೀಡರ್ ನಮ್ಮ ತರಗತಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಆದರೆ 2020ರಲ್ಲಿ ಆರಂಭವಾದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವನ್ನು ಮೊಬೈಲಿನಲ್ಲೇ ತೆರೆಯಬಹುದು. ಅಚ್ಚಿನ ಪುಸ್ತಕಕ್ಕೆ ಪಂಚಾಯಿತಿ ಗ್ರಂಥಾಲಯವಿದೆ. ಆಸ್ತಿ ತೆರಿಗೆಯ ಜೊತೆ ಮನೆಯವರು ಗ್ರಂಥಾಲಯ ಕರ ಕಟ್ಟುತ್ತಾರೆ ಎಂದಾಗ, "ಹಾಗಾದರೆ ಅದು ನಮ್ಮದೇ" ಎಂದರು. ಬೆಂಗಳೂರಿನಲ್ಲಿ ಕೊನೆಯ ವರ್ಷಗಳನ್ನು ಕಳೆದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳ ಆಶಯವೂ ಪುಸ್ತಕ ಓದುಗರನ್ನು ತಲುಪಬೇಕೆಂಬುದೇ.

ಮೌಲ್ಯಮಾಪನ

1. ಕೊಂಡ ಪುಸ್ತಕಕ್ಕೂ ಪರವಾನಗಿ ಪಡೆದ ಪುಸ್ತಕಕ್ಕೂ ಎರಡು ವ್ಯತ್ಯಾಸ ತಿಳಿಸಿ.
2. ಒಂದೇ ಪ್ರತಿ, ಎರಡು ವಾರದ ಅವಧಿ ಇದ್ದರೆ 10ನೆಯ ಓದುಗ ಎಷ್ಟು ವಾರ ಕಾಯಬೇಕು?
3. ನೀವು ಗ್ರಂಥಪಾಲಕರಾದರೆ ಅದೇ ಹಣದಲ್ಲಿ ಯಾವುದನ್ನು ಆರಿಸುವಿರಿ? ಕಾರಣ ಕೊಡಿ.

ಗೃಹಪಾಠ: ಗ್ರಂಥಾಲಯದ ಪುಸ್ತಕದ ಹಿಂಬದಿಯ ದಿನಾಂಕದ ಚೀಟಿ ನೋಡಿ, 26ಕ್ಕಿಂತ ಹೆಚ್ಚು ಸಲ ಹೋಗಿಬಂದ ಪುಸ್ತಕ ಹುಡುಕಿ.

ಮರುದಿನ ಒಬ್ಬಳು ತಂದ ಕಥಾ ಸಂಕಲನದಲ್ಲಿ 41 ಮುದ್ರೆಗಳಿದ್ದವು. ಬೆನ್ನಿಗೆ ಬಟ್ಟೆ ಅಂಟಿಸಿತ್ತು. ಅಂದು ಆ ಪುಸ್ತಕ 42ನೆಯ ಸಲ ಎರವಲು ಹೋಯಿತು.

ಈ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಸೂಚನೆ: ಉಪಕರಣ ಇಲ್ಲವೆಂದು ಹಿಂಜರಿಯಬೇಡಿ, ರಟ್ಟಿನ ಚೀಟಿ ಸಾಕು. ವಾದಕ್ಕೆ ಮಾತ್ರ ಹತ್ತು ನಿಮಿಷವಾದರೂ ಮೀಸಲಿಡಿ. ಮಕ್ಕಳು ಅದನ್ನು ಬೇಗ ಮುಗಿಸುವುದಿಲ್ಲ.