ದಾರಿ ತಪ್ಪಿದ ಮಕ್ಕಳ ಶಾಲೆ ಮತ್ತು ಅದರ ನಾಯಕ ಮಂಡಲಿ

ಮಗುವನ್ನು ತಿದ್ದುವುದು ಹೇಗೆ ಎಂಬ ಪ್ರಶ್ನೆಯು ಪ್ರತಿಯೊಂದು ಮನೆಯ ಹೊಸ್ತಿಲಿಗೂ ಒಂದಲ್ಲ ಒಂದು ದಿನ ಬಂದು ನಿಲ್ಲುತ್ತದೆ. ಓದಿನಲ್ಲಿ ಮನಸ್ಸು ನಿಲ್ಲದ ಮಗ, ಶಾಲೆಗೆಂದು ಹೊರಟು ಸಂತೆಬೀದಿಯಲ್ಲಿ ಹೊತ್ತು ಕಳೆಯುವ ತಮ್ಮ, ಹಿರಿಯರ ಮಾತಿಗೆ ಎದುರು ನುಡಿಯುವ ತರುಣ, ಇಂತಹವರನ್ನು ಕಂಡಾಗ ಗೃಹಸ್ಥನಿಗೆ ತೋಚುವ ಉಪಾಯಗಳು ಸಾಮಾನ್ಯವಾಗಿ ಎರಡೇ: ಒಂದು ಗದರಿಕೆ, ಇನ್ನೊಂದು ಗೋಗರೆತ. ಎರಡೂ ಸೋತಲ್ಲಿ ಅವನ ಹಣೆಬರಹವೆಂದು ಕೈಚೆಲ್ಲುವುದೇ ಉಳಿಯುತ್ತದೆ. ಆದರೆ ಮೂರನೆಯ ಉಪಾಯವೊಂದುಂಟು. ಅದು ದಾರಿ ತಪ್ಪಿದವನ ಹೆಗಲ ಮೇಲೆಯೇ ದಾರಿ ತೋರುವ ಹೊಣೆಯನ್ನು ಇರಿಸುವುದು. ಕೇಳುವುದಕ್ಕೆ ಇದು ವಿಪರೀತವೆಂದು ತೋರಬಹುದು. ಯುಕ್ರೇನ್ ದೇಶದ ಪೊಲ್ತಾವ ನಗರದ ಹತ್ತಿರ 1920ರಲ್ಲಿ ಆರಂಭವಾದ ಒಂದು ಶಾಲೆಯಲ್ಲಿ ಇದನ್ನು ಎಂಟು ವರ್ಷಗಳ ಕಾಲ ಆಚರಿಸಿ ನೋಡಲಾಯಿತು. ಅದರ ಗುಣವನ್ನೂ ದೋಷವನ್ನೂ ಅರಿಯುವುದು ಮಕ್ಕಳನ್ನು ಸಾಕುವ ಎಲ್ಲರಿಗೂ ಉಪಯುಕ್ತವಾಗಿದೆ.

ಶಾಲೆಯ ಹುಟ್ಟು

ಮೊದಲನೆಯ ಮಹಾಯುದ್ಧ, 1917ರ ಕ್ರಾಂತಿ, ಅದರ ಬೆನ್ನಿಗೆ ಬಂದ ಅಂತರ್ಯುದ್ಧ, ಇವು ರಷ್ಯಾ ಮತ್ತು ಯುಕ್ರೇನ್ ದೇಶಗಳಲ್ಲಿ ಲಕ್ಷಗಟ್ಟಲೆ ಮಕ್ಕಳನ್ನು ಅನಾಥರನ್ನಾಗಿ ಮಾಡಿದವು. ರೈಲು ನಿಲ್ದಾಣಗಳಲ್ಲಿ ಮಲಗಿ, ಸಂತೆಗಳಲ್ಲಿ ಕದ್ದು, ಕೆಲವೊಮ್ಮೆ ದರೋಡೆಗಾರರ ಗುಂಪುಗಳಲ್ಲಿ ಸೇರಿ ಆ ಮಕ್ಕಳು ಹೊಟ್ಟೆ ಹೊರೆಯುತ್ತಿದ್ದರು. ಅಪರಾಧ ಮಾಡಿ ಸಿಕ್ಕಿಬಿದ್ದ ಇಂತಹ ತರುಣರಿಗಾಗಿ ಒಂದು ಕಾಲೊನಿಯನ್ನು ನಡೆಸುವ ಕೆಲಸವು ಅಂತೋನ್ ಸೆಮ್ಯೊನೊವಿಚ್ ಮಕಾರೆಂಕೊ ಎಂಬ ಉಪಾಧ್ಯಾಯರ ಪಾಲಿಗೆ ಬಂದಿತು. ಅವರು 1888ರಲ್ಲಿ ಜನಿಸಿದವರು. ತಂದೆ ರೈಲ್ವೆ ಕಾರ್ಖಾನೆಯಲ್ಲಿ ಬಣ್ಣ ಬಳಿಯುವ ಕಾಯಕದವನು. ಮಕಾರೆಂಕೊ ಅವರೂ 1905ರಲ್ಲಿ ರೈಲ್ವೆ ಕೆಲಸಗಾರರ ಮಕ್ಕಳ ಶಾಲೆಯಲ್ಲಿ ಪಾಠ ಹೇಳುವುದರಿಂದಲೇ ವೃತ್ತಿಯನ್ನು ಆರಂಭಿಸಿದ್ದರು.

ಅವರಿಗೆ ದೊರೆತದ್ದು ಕಿಟಕಿ ಬಾಗಿಲುಗಳನ್ನು ಸಹ ಜನರು ಕಿತ್ತೊಯ್ದಿದ್ದ ಪಾಳು ಕಟ್ಟಡಗಳು. ಜೊತೆಗೆ ಬಂದವರು ಇಬ್ಬರು ಶಿಕ್ಷಕಿಯರು ಮತ್ತು ಒಬ್ಬ ವಯಸ್ಸಾದ ಪಾರುಪತ್ಯಗಾರ. ಅಂದಿನ ನಾಯಕ ಮಂಡಲಿಯೆಂದರೆ ಈ ನಾಲ್ವರೇ. 1920ರ ಡಿಸೆಂಬರ್ 4ರಂದು ಮೊದಲನೆಯ ಆರು ಮಂದಿ ತರುಣರು ಬಂದರು. ಅವರು ಹಿರಿಯರನ್ನು ಬೈಯಲೂ ಇಲ್ಲ, ಗೌರವಿಸಲೂ ಇಲ್ಲ. ಅಂತಹವರು ಇದ್ದಾರೆಂಬುದನ್ನೇ ಗಣಿಸದವರಂತೆ ಇದ್ದುಬಿಟ್ಟರು. ಉಪದೇಶಗಳು ಗೋಡೆಗೆ ಹೇಳಿದಂತಾದವು. ಒಂದು ದಿನ ಅಡುಗೆಮನೆಗೆ ಸೌದೆ ಒಡೆಯಲು ಹೇಳಿದಾಗ ಒಬ್ಬ ಹುಡುಗನು ಹೀಯಾಳಿಸಿ ಉತ್ತರ ಕೊಟ್ಟನು. ಮಕಾರೆಂಕೊ ಅವರು ತಾಳ್ಮೆ ಕಳೆದುಕೊಂಡು ಅವನನ್ನು ಹೊಡೆದರು.

ಮುಂದೆ 1933ರಿಂದ 1935ರ ಅವಧಿಯಲ್ಲಿ ಪ್ರಕಟವಾದ ‘ಶಿಕ್ಷಣ ಕಾವ್ಯ’ವೆಂಬ ಅರ್ಥದ ಹೆಸರುಳ್ಳ ತಮ್ಮ ಗ್ರಂಥದಲ್ಲಿ ಅವರು ಈ ಸಂಗತಿಯನ್ನು ಬಚ್ಚಿಟ್ಟಿಲ್ಲ. ಹುಡುಗರು ಆ ದಿನ ಸೌದೆ ಒಡೆದರೆಂಬುದು ನಿಜ. ಆದರೆ ತಾವು ಮಾಡಿದುದು ಶಿಕ್ಷಕನಿಗೆ ಸಲ್ಲದ ಕೆಲಸವೆಂದೂ, ಕಾನೂನಿಗೆ ವಿರುದ್ಧವೆಂದೂ ಅವರೇ ಅಲ್ಲಿ ಒಪ್ಪಿಕೊಂಡಿದ್ದಾರೆ. ಹೊಡೆತದಿಂದ ಒಂದು ದಿನದ ಸೌದೆ ದೊರೆಯಬಹುದು. ಆದರೆ ಒಂದು ಶಾಲೆಯನ್ನು ಅದರ ಮೇಲೆ ಕಟ್ಟಲಾಗದು. ಕಟ್ಟುವುದಕ್ಕೆ ಬೇರೊಂದು ತಳಹದಿಯು ಬೇಕಾಗಿದ್ದಿತು, ಮತ್ತು ಅದು ನಾಲ್ವರು ಹಿರಿಯರ ಕೈಯಲ್ಲಿ ಮಾತ್ರ ಇರುವಂತಹುದಾಗಿರಲಿಲ್ಲ.

ಹೊಣೆಯು ಹುಡುಗರ ಕೈಗೆ ಬಂದ ಬಗೆ

ಹೊಣೆಗಾರಿಕೆಯು ಮೊದಲು ಬಂದುದು ಬಡತನದ ಮೂಲಕ. ಚಳಿಗಾಲದಲ್ಲಿ ಕಾಡಿಗೆ ಹೋಗಿ ಕಟ್ಟಿಗೆ ತರಬೇಕು. ಎಲ್ಲರಿಗೂ ಸಾಕಾಗುವಷ್ಟು ಕೊಡಲಿಗಳಿಲ್ಲ, ಕಾಲಿಗೆ ಜೋಡುಗಳಿಲ್ಲ. ಆದುದರಿಂದ ಇದ್ದ ಸಲಕರಣೆಗಳನ್ನು ಒಂದು ತುಕಡಿಗೆ ಒಪ್ಪಿಸಿ, ಅದಕ್ಕೆ ಬುರೂನ್ ಎಂಬ ಹುಡುಗನನ್ನು ನಾಯಕನನ್ನಾಗಿ ಮಾಡಲಾಯಿತು. ಈ ಬುರೂನನೇ ಹಿಂದೆ ಕಾಲೊನಿಯ ಉಗ್ರಾಣದಲ್ಲಿ ಕದ್ದು ಸಿಕ್ಕಿಬಿದ್ದು, ಸಂಗಡಿಗರೆಲ್ಲರ ಮುಂದೆ ವಿಚಾರಣೆಗೆ ನಿಂತವನು. ಕದ್ದವನ ಕೈಗೇ ಕೊಡಲಿಗಳ ಲೆಕ್ಕವನ್ನು ಒಪ್ಪಿಸಿದಂತಾಯಿತು. ಕೆಲಸವು ಸುಗಮವಾಗಿ ನಡೆಯಿತು. ಇದನ್ನು ಕಂಡು ಚಮ್ಮಾರಿಕೆ, ಕಮ್ಮಾರಿಕೆ, ಮೊದಲಾದ ಒಂದೊಂದು ಕೆಲಸಕ್ಕೂ ಒಂದೊಂದು ತುಕಡಿ, ಒಬ್ಬೊಬ್ಬ ನಾಯಕ ಏರ್ಪಟ್ಟರು. ಆ ನಾಯಕರೆಲ್ಲ ಕೂಡಿದುದೇ ನಾಯಕ ಮಂಡಲಿ. ಇಷ್ಟರಲ್ಲಿ ಕಾಲೊನಿಗೆ ರಷ್ಯಾದ ಪ್ರಸಿದ್ಧ ಸಾಹಿತಿ ಮ್ಯಾಕ್ಸಿಂ ಗಾರ್ಕಿ ಅವರ ಹೆಸರು ಬಂದಿದ್ದಿತು. ಬಾಲ್ಯದಲ್ಲಿ ತಾವೇ ಅನಾಥರಾಗಿ ಅಲೆದವರು ಅವರು.

ಮಂಡಲಿಯ ಕಲಾಪವು ಹೆಸರಿಗಷ್ಟೆ ನಡೆಯುವಂತಹುದಾಗಿರಲಿಲ್ಲ. ಯಾವ ಕೆಲಸಕ್ಕೆ ಯಾರು ಹೋಗಬೇಕು, ಹೊಸದಾಗಿ ಬಂದವನನ್ನು ಯಾವ ತುಕಡಿಗೆ ಸೇರಿಸಬೇಕು, ಕದ್ದವನಿಗೆ ಏನು ವಿಧಿಸಬೇಕು, ಹೆಚ್ಚಿನ ವಿದ್ಯಾಭ್ಯಾಸಕ್ಕಾಗಿ ಯಾರನ್ನು ನಗರಕ್ಕೆ ಕಳುಹಿಸಬೇಕು, ಇವೆಲ್ಲವೂ ಅಲ್ಲಿಯೇ ನಿರ್ಣಯವಾಗುತ್ತಿದ್ದವು. ಶಾಲೆಯ ಮುಖ್ಯಸ್ಥರೆಂಬ ಹೊಣೆ ಮಕಾರೆಂಕೊ ಅವರದೇ ಆಗಿದ್ದಿತು. ಆದರೂ ಹುಡುಗರ ಬದುಕಿಗೆ ಸಂಬಂಧಿಸಿದ ಮಾತುಗಳನ್ನು ಅವರು ಹುಡುಗರ ಮುಂದೆಯೇ ಇಡುತ್ತಿದ್ದರು.

ಈ ಏರ್ಪಾಡಿನಲ್ಲಿ ಎರಡು ನಿಯಮಗಳು ವಿಶೇಷವಾಗಿ ಮನನ ಮಾಡತಕ್ಕವು. ಮೊದಲನೆಯದು, ನಾಯಕನಿಗೆ ಯಾವ ಸವಲತ್ತೂ ಇರಲಿಲ್ಲ. ಅವನಿಗೆ ಹೆಚ್ಚಿನ ಊಟವಿಲ್ಲ, ಮೇಲಾದ ಬಟ್ಟೆಯಿಲ್ಲ, ಕೆಲಸದಿಂದ ವಿನಾಯಿತಿಯಿಲ್ಲ. ಉಳಿದವರಂತೆ ದುಡಿದು, ಅದರ ಮೇಲೆ ತುಕಡಿಯ ಯೋಗಕ್ಷೇಮವನ್ನೂ ಹೊರಬೇಕು. ಹಿರಿತನದಲ್ಲಿ ಲಾಭವಿಲ್ಲದಿದ್ದಾಗ ಲಾಭಕ್ಕಾಗಿ ಹಿರಿತನವನ್ನು ಬಯಸುವವನು ತಾನಾಗಿಯೇ ದೂರ ಉಳಿಯುತ್ತಾನೆ.

ಎರಡನೆಯದು ಇದಕ್ಕಿಂತಲೂ ಸೂಕ್ಷ್ಮವಾದುದು. 1923ರ ಸುಮಾರಿಗೆ ‘ಕೂಡುತುಕಡಿ’ ಎನ್ನಬಹುದಾದ ಪದ್ಧತಿಯು ರೂಪುಗೊಂಡಿತು. ಉಳುವುದು, ಬಿತ್ತುವುದು, ಗೊಬ್ಬರ ಸಾಗಿಸುವುದು, ಇಂತಹ ಒಂದು ಗೊತ್ತಾದ ಕೆಲಸಕ್ಕಾಗಿ ಬೇರೆ ಬೇರೆ ತುಕಡಿಗಳಿಂದ ಕೆಲವರನ್ನು ಆರಿಸಿ ಹೆಚ್ಚೆಂದರೆ ಒಂದು ವಾರದ ಮಟ್ಟಿಗೆ ಒಂದು ಗುಂಪನ್ನು ಮಾಡುತ್ತಿದ್ದರು. ಅದಕ್ಕೆ ಬೇರೊಬ್ಬ ನಾಯಕ. ಸ್ಥಿರ ತುಕಡಿಯ ನಾಯಕನು ಈ ಗುಂಪಿನಲ್ಲಿ ಸಾಮಾನ್ಯ ಕೆಲಸಗಾರನಾಗಿ, ನಿನ್ನೆ ತನ್ನ ಆಜ್ಞೆಯಲ್ಲಿದ್ದ ಹುಡುಗನ ಮಾತನ್ನು ಇಂದು ಕೇಳಬೇಕಾಗುತ್ತಿದ್ದಿತು. ವಾರ ಮುಗಿಯಿತೆಂದರೆ ಗುಂಪೂ ಮುಗಿಯಿತು, ಅದರ ನಾಯಕತ್ವವೂ ಮುಗಿಯಿತು. ಹೀಗೆ ಹೆಚ್ಚಿನ ಹುಡುಗರೆಲ್ಲರೂ ಆಜ್ಞೆ ಮಾಡುವುದನ್ನೂ ಆಜ್ಞೆಗೆ ನಡೆಯುವುದನ್ನೂ ಸರದಿಯ ಮೇಲೆ ಕಲಿತರು. ಆಳಿಸಿಕೊಳ್ಳುವುದನ್ನು ಅರಿಯದವನು ಆಳಲಾರನು. ಆಳುವುದರ ಭಾರವನ್ನು ಒಮ್ಮೆಯಾದರೂ ಹೊತ್ತವನು ಆಜ್ಞೆಯನ್ನು ಅವಮಾನವೆಂದು ಎಣಿಸನು.

ವಿಶ್ವಾಸವೆಂಬ ಬಂಡವಾಳ

ನಿಯಮಗಳು ಎಷ್ಟೇ ಚೆನ್ನಾಗಿದ್ದರೂ ಅವುಗಳ ಬೆನ್ನಿಗೆ ವಿಶ್ವಾಸವಿಲ್ಲದಿದ್ದರೆ ಒಣ ಕಡ್ಡಿಗಳಂತೆ ಮುರಿದುಹೋಗುತ್ತವೆ. ಮಕಾರೆಂಕೊ ಅವರು ಹುಡುಗರ ಹಿಂದಿನ ಅಪರಾಧಗಳ ಕಡತಗಳನ್ನು ಓದುವುದನ್ನೇ ಬಿಟ್ಟುಬಿಟ್ಟರು. ಬಂದವನ ನಿನ್ನೆಯನ್ನು ಕೆದಕದೆ ಅವನ ನಾಳೆಯನ್ನು ಕುರಿತು ಮಾತನಾಡುವುದು ಆ ಶಾಲೆಯ ವಾಡಿಕೆಯಾಯಿತು.

ಗ್ರಂಥದಲ್ಲಿ ಕರಾಬಾನೊವ್ ಎಂದು ಕರೆಯಲ್ಪಟ್ಟಿರುವ ತರುಣನ ನಿಜವಾದ ಹೆಸರು ಸೆಮ್ಯೋನ್ ಕಲಾಬಾಲಿನ್. ಅವನನ್ನು ಸೆರೆಮನೆಯಿಂದ ಕರೆತರಲು ಮಕಾರೆಂಕೊ ಅವರೇ ಹೋಗಿದ್ದರು. ಅಲ್ಲಿ ಅವನನ್ನು ತಮ್ಮ ಜವಾಬ್ದಾರಿಯಲ್ಲಿ ಪಡೆದುದಕ್ಕೆ ರಸೀತಿಗೆ ಸಹಿ ಹಾಕಬೇಕಾಗಿದ್ದಿತು. ಆ ಸಮಯದಲ್ಲಿ ಹುಡುಗನನ್ನು ಒಂದು ನಿಮಿಷ ಹೊರಗೆ ನಿಲ್ಲುವಂತೆ ಕೇಳಿಕೊಂಡರು. ಒಬ್ಬ ಮನುಷ್ಯನನ್ನು ಸಾಮಾನಿನಂತೆ ರಸೀತಿ ಬರೆದು ಕೊಂಡುಹೋಗುವುದನ್ನು ಅವನು ಕಣ್ಣಾರೆ ನೋಡಬಾರದೆಂಬುದೇ ಕಾರಣ. ಈ ಕಾರಣವು ಅವನಿಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು.

ಮುಂದೊಮ್ಮೆ ಅವನು ತಪ್ಪು ಮಾಡಿ ಕಾಲೊನಿಯಿಂದ ದೂರವಾಗಿ ಮರಳಿ ಬಂದಾಗ, ಮಕಾರೆಂಕೊ ಅವರು ಅವನ ಕೈಗೆ ಕುದುರೆಯನ್ನು ಕೊಟ್ಟು ನಗರದಿಂದ 500 ರೂಬಲ್ ಹಣ ತರಲು ಕಳುಹಿಸಿದರೆಂದು ಗ್ರಂಥವು ತಿಳಿಸುತ್ತದೆ. ಅವನು ತಂದುಕೊಟ್ಟ ಹಣವನ್ನು ಎಣಿಸದೆಯೇ ತೆಗೆದಿರಿಸಿದರು. ಎರಡನೆಯ ಸಲ ತರಬೇಕಾಗಿದ್ದುದು 2000 ರೂಬಲ್. ಹಣವನ್ನು ಹಿಡಿದು ಓಡಿಹೋಗುವುದು ಅವನಿಗೆ ಕಷ್ಟದ ಕೆಲಸವಾಗಿರಲಿಲ್ಲ. ಅವನು ಹಿಂದಿರುಗಿ ಬಂದನು. ಬಾಳೆಲ್ಲ ಅನುಮಾನವನ್ನೇ ಉಂಡಿದ್ದ ಜೀವಕ್ಕೆ ಎಣಿಸದೆ ಇಟ್ಟ ಹಣವು ಸಾವಿರ ಉಪದೇಶಗಳಿಗಿಂತ ಮಿಗಿಲಾಯಿತು. ಇದೇ ಕಲಾಬಾಲಿನ್ ಅವರು ಮುಂದೆ ಸ್ವತಃ ಶಿಕ್ಷಕರಾಗಿ, ಪತ್ನಿ ಗಲೀನಾ ಅವರೊಡನೆ ಅನಾಥ ಮಕ್ಕಳ ಮನೆಗಳನ್ನು ನಡೆಸಿ, 1972ರಲ್ಲಿ ತೀರಿಕೊಂಡರು.

ಪರೀಕ್ಷೆಯ ಕಾಲ

ಮಂಡಲಿಯ ಸತ್ತ್ವಪರೀಕ್ಷೆಯಾದುದು 1926ರಲ್ಲಿ. ಖಾರ್ಕಿವ್ ನಗರದ ಹತ್ತಿರ ಕುರ್ಯಾಜ್ ಎಂಬಲ್ಲಿ, ಹಳೆಯ ಕ್ರೈಸ್ತ ಮಠವೊಂದರ ಕಟ್ಟಡಗಳಲ್ಲಿ ಸುಮಾರು 280 ಮಂದಿ ಮಕ್ಕಳು ಕೊಳಕು, ಕಳವು, ಹೊಡೆದಾಟಗಳ ನಡುವೆ ಇದ್ದರು. ಗಾರ್ಕಿ ಕಾಲೊನಿಯು ತಾನು ಕಟ್ಟಿಕೊಂಡಿದ್ದ ಹೊಲ, ಮನೆ, ಕಾರ್ಯಾಗಾರಗಳನ್ನು ಬಿಟ್ಟು ಅಲ್ಲಿಗೆ ಹೋಗಬೇಕೇ ಎಂಬ ಪ್ರಶ್ನೆ ಹುಡುಗರ ಮುಂದೆ ಬಂದಿತು. ಅವರು ಹೋಗುವುದಕ್ಕೆ ಒಪ್ಪಿದರು. ಮೇ ತಿಂಗಳಿನಲ್ಲಿ ಸುಮಾರು 120 ಮಂದಿ ಹೊರಟರು. ತಮಗಿಂತ ಇಮ್ಮಡಿಗೂ ಮಿಕ್ಕ ಸಂಖ್ಯೆಯ ಮಕ್ಕಳೊಡನೆ ಬೆರೆತು, ಸಾಲಾಗಿ ನಿಲ್ಲುವುದು, ಶುಚಿಯಾಗಿರುವುದು, ಸರದಿಯಂತೆ ದುಡಿಯುವುದು, ಇವನ್ನೆಲ್ಲ ನಡೆದು ತೋರಿಸಿದರು. ಹಿರಿಯನ ನೂರು ಮಾತನ್ನು ತಳ್ಳಿಹಾಕುವ ತರುಣನು, ತನ್ನಂತೆಯೇ ಬೀದಿಯಲ್ಲಿ ಮಲಗಿದ್ದವನು ಇಂದು ತಲೆಯೆತ್ತಿ ನಡೆಯುವುದನ್ನು ಕಂಡಾಗ ಸುಮ್ಮನಿರಲಾರನು.

ಆದರೂ ಈ ಕಥೆಯಲ್ಲಿ ಕತ್ತಲೆಯ ಭಾಗವೂ ಇದೆ. ಕಾಲೊನಿಯ ತುಕಡಿ, ನಾಯಕ, ಕಹಳೆ, ಶಿಸ್ತು, ಇವೆಲ್ಲ ಸೈನ್ಯದ ಪಾಳೆಯದಂತಿವೆಯೆಂದು ವಿದ್ಯಾ ಇಲಾಖೆಯ ಹಲವರು ಖಂಡಿಸಿದರು. 1928ರ ಜುಲೈ ತಿಂಗಳಿನಲ್ಲಿ ಗಾರ್ಕಿ ಅವರು ಬಂದು ಮಕ್ಕಳೊಡನೆ ಕೆಲವು ದಿನ ಇದ್ದುಹೋದ ಬಳಿಕ, ಅದೇ ವರ್ಷ ಮಕಾರೆಂಕೊ ಅವರು ಕಾಲೊನಿಯನ್ನು ಬಿಡಬೇಕಾಯಿತು. 1927ರ ಕೊನೆಯಲ್ಲಿ ಖಾರ್ಕಿವ್‌ನಲ್ಲಿ ಆರಂಭವಾಗಿದ್ದ ಜೆರ್ಜಿನ್‌ಸ್ಕಿ ಕಮ್ಯೂನ್ ಎಂಬ ಇನ್ನೊಂದು ಶಾಲೆಯಲ್ಲಿ 1935ರವರೆಗೆ ಅವರು ಕೆಲಸವನ್ನು ಮುಂದುವರಿಸಿದರು. ಅಲ್ಲಿ ತರುಣರು ದಿನದ ಒಂದು ಭಾಗ ಓದಿ, ಇನ್ನೊಂದು ಭಾಗ ಕಾರ್ಖಾನೆಯಲ್ಲಿ ದುಡಿದು, ಜರ್ಮನಿಯ ಲೈಕಾ ಕ್ಯಾಮರಾದ ಮಾದರಿಯಲ್ಲಿ ‘ಫೆಡ್’ ಎಂಬ ಕ್ಯಾಮರಾಗಳನ್ನು ತಯಾರಿಸಿದರು. ಒಂದು ಕಾಲದಲ್ಲಿ ಜೇಬು ಕತ್ತರಿಸುತ್ತಿದ್ದ ಬೆರಳುಗಳು ಕೂದಲೆಳೆಗಿಂತ ನಯವಾದ ಅಳತೆಯ ಕೆಲಸಕ್ಕೆ ಪಳಗಿದವು.

ಆದರೆ ಆ ಕಮ್ಯೂನನ್ನು ಪೋಷಿಸುತ್ತಿದ್ದುದು ಸೋವಿಯತ್ ರಾಜ್ಯದ ಗುಪ್ತ ಪೊಲೀಸ್ ಇಲಾಖೆ. 1932 ಮತ್ತು 1933ರಲ್ಲಿ ಅದೇ ಯುಕ್ರೇನ್ ನೆಲದಲ್ಲಿ ರಾಜ್ಯದ ನೀತಿಯಿಂದಲೇ ಉಂಟಾದ ಕ್ಷಾಮಕ್ಕೆ ಲಕ್ಷಾಂತರ ಜನರು ಬಲಿಯಾದರು. ಶಾಲೆಯ ಬೇಲಿಯೊಳಗೆ ಮಕ್ಕಳ ಮಂಡಲಿಯು ಮಾತನಾಡಬಲ್ಲುದಾಗಿದ್ದಿತು. ಬೇಲಿಯ ಹೊರಗಣ ಆಳ್ವಿಕೆಯನ್ನು ಪ್ರಶ್ನಿಸುವ ಸ್ವಾತಂತ್ರ್ಯವು ಅದಕ್ಕಿರಲಿಲ್ಲ. ಒಪ್ಪಿ ನಡೆಯುವುದನ್ನು ಕಲಿಸುವ ಶಾಲೆಯು, ಒಪ್ಪಬಾರದುದನ್ನು ಒಪ್ಪದಿರುವ ಧೈರ್ಯವನ್ನೂ ಕಲಿಸದಿದ್ದರೆ ಅರ್ಧ ಶಾಲೆಯಾಗಿಯೇ ಉಳಿಯುತ್ತದೆ. ಗುಂಪಿನ ಮಾತು ಒಬ್ಬ ಹುಡುಗನನ್ನು ಎತ್ತಬಲ್ಲಂತೆ ತುಳಿಯಲೂ ಬಲ್ಲುದು. ಮಕಾರೆಂಕೊ ಅವರು 1939ರ ಏಪ್ರಿಲ್ 1ರಂದು ನಿಧನರಾದರು. ಅವರ ವಿಷಯದಲ್ಲಿ ಇಂದಿಗೂ ಹೊಗಳುವವರೂ ಇದ್ದಾರೆ, ತೆಗಳುವವರೂ ಇದ್ದಾರೆ. ಎರಡಕ್ಕೂ ಆಧಾರವುಂಟು.

ಗೃಹಸ್ಥರು ತೆಗೆದುಕೊಳ್ಳಬೇಕಾದುದು

ಹೊಟ್ಟನ್ನು ತೂರಿ ಕಾಳನ್ನು ಉಳಿಸಿಕೊಳ್ಳುವುದು ವಿವೇಕಿಗಳ ರೀತಿ. ಈ ಚರಿತ್ರೆಯಲ್ಲಿ ಉಳಿಸಿಕೊಳ್ಳತಕ್ಕ ಕಾಳು ಇಷ್ಟು: ದಾರಿ ತಪ್ಪಿದ ತರುಣನಿಗೆ ಮಾತಿಗಿಂತ ಮೊದಲು ಕೆಲಸ ಬೇಕು. ಆ ಕೆಲಸವು ಆಟದ ಕೆಲಸವಾಗಿರದೆ, ಅವನು ಮಾಡದಿದ್ದರೆ ಮನೆಗೆ ನಿಜವಾಗಿಯೂ ಕೊರತೆಯಾಗುವಂತಹುದಾಗಿರಬೇಕು. ಅದರ ಲೆಕ್ಕವನ್ನು ಅವನ ಕೈಗೇ ಕೊಟ್ಟು, ಹಿರಿಯರು ಬೆನ್ನ ಹಿಂದೆ ನಿಂತು ಎಣಿಸಬಾರದು. ಮನೆಯ ಆಲೋಚನೆಯಲ್ಲಿ ಅವನಿಗೂ ಒಂದು ಆಸನವಿರಬೇಕು. ಹಿರಿಯರು ತಾವು ತಪ್ಪಿದಾಗ ತಪ್ಪಿದೆವೆಂದು ಒಪ್ಪಿಕೊಳ್ಳಬೇಕು. ಕೈ ಮಾಡಿದ ಗುರುವು ಅದನ್ನು ಬರೆದಿಟ್ಟುದರಿಂದಲೇ ಅವನ ಉಳಿದ ಮಾತುಗಳು ನಂಬಲರ್ಹವಾದುವು.

ಮನೆಯ ಯಜಮಾನನು ಒಂದು ವಾರ ಮಗನ ಕೈಕೆಳಗೆ ಕೆಲಸ ಮಾಡಿ ನೋಡಬಹುದು. ಹೊಲದ ಒಂದು ಪಟ್ಟಿಯೋ, ಅಂಗಡಿಯ ಒಂದು ಲೆಕ್ಕವೋ, ಹಬ್ಬದ ದಿನದ ಉಗ್ರಾಣವೋ, ಯಾವುದಾದರೊಂದರಲ್ಲಿ ಮಗನು ಹೇಳಲಿ, ತಂದೆಯು ಮಾಡಲಿ. ಹಾಗೆ ಮಾಡಿದ ತಂದೆಯ ಹಿರಿತನವು ಕುಂದುವುದಿಲ್ಲ. ಮರುವಾರ ತಂದೆಯು ಒಂದು ಮಾತು ಹೇಳಿದಾಗ, ಹೇಳುವವನ ಕಷ್ಟವೇನೆಂಬುದನ್ನು ಮಗನು ಬಲ್ಲವನಾಗಿರುತ್ತಾನೆ.